ಹರ್ಷೆಲ್ ಮನೆತನವೂ ಉಲ್ಕಾಧ್ಯಯನದ ಆರಂಭಕಾಲವೂ

ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ಹರ್ಷೆಲ್ ಮನೆತನದ ಮಾತು ಬಂದಾಗ ಸಾಮಾನ್ಯವಾಗಿ ಮೂವರ ಹೆಸರು ಕೇಳಿಬರುತ್ತದೆ: 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, ಅಣ್ಣನ ಕೆಲಸದಲ್ಲಿ ಸಮಭಾಗಿಯಾಗಿದ್ದು ಸ್ವತಃ ಎಂಟು ಧೂಮಕೇತುಗಳನ್ನು ಗುರುತಿಸಿದ ಕ್ಯಾರೊಲಿನ್ ಹರ್ಷೆಲ್, ಹಾಗೂ ದಕ್ಷಿಣ ಗೋಳಾರ್ಧದ ಆಕಾಶವನ್ನು ಸಮೀಕ್ಷಿಸಿದ ವಿಲಿಯಂನ ಮಗ ಜಾನ್ ಹರ್ಷೆಲ್. ಮೂರನೆಯ ತಲೆಮಾರಿಗೆ ಸೇರಿದ, ಜಾನ್‌ನ ಮಗ ಅಲೆಕ್ಸಾಂಡರ್ ಸ್ಟೀವರ್ಟ್ ಹರ್ಷೆಲ್ (1836–1907) ಈ ಸಾಲಿನಲ್ಲಿ ಅಪರೂಪಕ್ಕೆ ಉಲ್ಲೇಖಗೊಳ್ಳುತ್ತಾನೆ. ಆದರೆ ಉಲ್ಕೆಗಳ ಅಧ್ಯಯನ ಒಂದು ಕ್ರಮಬದ್ಧ ವಿಜ್ಞಾನವಾಗಿ ರೂಪುಗೊಂಡ 1860ರಿಂದ 1880ರವರೆಗಿನ ಎರಡು ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಆ ಕೆಲಸದ ಬಹುಪಾಲು ಭಾರವನ್ನು ಹೊತ್ತವನು ಆತನೇ. ತನ್ನ ಕಾಲದ ಅತಿ ದೊಡ್ಡ ದೂರದರ್ಶಕವನ್ನು ಕಟ್ಟಿ ಹೆಸರಾದ ಮನೆತನದ ಕುಡಿಯೊಬ್ಬ, ದೂರದರ್ಶಕದ ಹಿಡಿತಕ್ಕೆ ಸಿಗದ ಕ್ಷಣಿಕ ಬೆಳಕುಗಳನ್ನು ಬರಿಗಣ್ಣಿನಿಂದ, ನಕ್ಷೆಯಿಂದ ಮತ್ತು ನೂರಾರು ಜನರ ವರದಿಗಳಿಂದ ಅಭ್ಯಾಸ ಮಾಡಿದ ಈ ಕಥನವು, ವೈಜ್ಞಾನಿಕ ಪರಂಪರೆಯೆಂಬುದು ಉಪಕರಣಗಳಿಗಿಂತ ಹೆಚ್ಚಾಗಿ ದಾಖಲಿಸುವ ಶಿಸ್ತಿನ ಮೂಲಕ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆಂಬುದನ್ನು ಸ್ಪಷ್ಟಪಡಿಸುತ್ತದೆ.

ವಿಲಿಯಂ ಹರ್ಷೆಲ್ ತನ್ನ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಉಲ್ಕೆಯು ಖಗೋಳ ವಿಜ್ಞಾನದ ವಿಷಯವೆಂದು ಎಣಿಕೆಯಾಗಿರಲಿಲ್ಲ. ಮಿಂಚು, ಮಂಜು, ಕಾಮನಬಿಲ್ಲುಗಳಂತೆ ಅದೂ ವಾಯುಮಂಡಲದಲ್ಲಿಯೇ ಹುಟ್ಟಿ ಅಲ್ಲಿಯೇ ಅಳಿಯುವ ಒಂದು ವಿದ್ಯಮಾನವೆಂದು ವಿದ್ವಾಂಸರು ನಂಬಿದ್ದರು. ಆಕಾಶದಿಂದ ಕಲ್ಲು ಬಿತ್ತೆಂದು ಹಳ್ಳಿಗರು ಹೇಳಿದರೆ ಅದನ್ನು ಮೂಢನಂಬಿಕೆಯ ಲೆಕ್ಕಕ್ಕೆ ಸೇರಿಸಲಾಗುತ್ತಿತ್ತು. 1794ರಲ್ಲಿ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ, ಬೆಂಕಿಯ ಉಂಡೆಗಳಂತೆ ಕಾಣುವ ದೊಡ್ಡ ಉಲ್ಕೆಗಳು ಬಾಹ್ಯಾಕಾಶದಿಂದ ಬರುವ ಘನವಸ್ತುಗಳೆಂದೂ ಅಲ್ಲಲ್ಲಿ ಸಿಕ್ಕಿರುವ ಕಬ್ಬಿಣದ ವಿಚಿತ್ರ ಗಟ್ಟಿಗಳು ಅವುಗಳ ಅವಶೇಷಗಳೆಂದೂ ವಾದಿಸಿ ಪುಸ್ತಕ ಪ್ರಕಟಿಸಿದಾಗ ಹಲವರು ಅದನ್ನು ತಳ್ಳಿಹಾಕಿದರು. ಮರುವರ್ಷ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಒಂದು ದೊಡ್ಡ ಕಲ್ಲು ಬಿದ್ದದ್ದು, 1802ರಲ್ಲಿ ಎಡ್ವರ್ಡ್ ಹೋವರ್ಡ್ ಇಂಥ ಕಲ್ಲುಗಳ ರಾಸಾಯನಿಕ ವಿಶ್ಲೇಷಣೆ ನಡೆಸಿ ಅವುಗಳಲ್ಲಿ ನಿಕ್ಕಲ್ ಇರುವುದನ್ನು ತೋರಿಸಿದ್ದು, 1803ರಲ್ಲಿ ಫ್ರಾನ್ಸಿನ ಲೆಗಲ್ ಎಂಬಲ್ಲಿ ಬಿದ್ದ ಸಾವಿರಾರು ಕಲ್ಲುಗಳನ್ನು ಕುರಿತು ಜ್ಯಾಂ-ಬ್ಯಾಪ್ಟಿಸ್ಟ್ ಬಿಯೊ ಸ್ಥಳಕ್ಕೇ ಹೋಗಿ ತನಿಖೆ ಮಾಡಿ ವರದಿ ಸಲ್ಲಿಸಿದ್ದು, ಈ ಮೂರೂ ಸೇರಿ ವಿದ್ವಾಂಸರ ಸಂದೇಹವನ್ನು ನೀಗಿಸಿದವು. ಆದರೆ ಕಲ್ಲುಗಳು ಎಲ್ಲಿಂದ ಬರುತ್ತವೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಚಂದ್ರನ ಜ್ವಾಲಾಮುಖಿಗಳು ಅವನ್ನು ಭೂಮಿಯತ್ತ ಚಿಮ್ಮಿಸುತ್ತವೆಂಬ ಊಹೆಗೆ ಲಾಪ್ಲಾಸ್‌ನಂಥ ಗಣಿತಜ್ಞನ ಬೆಂಬಲವೂ ದೊರೆತಿತ್ತು. ಚಂದ್ರನ ಮೇಲೆ ಮೂರು ಜ್ವಾಲಾಮುಖಿಗಳನ್ನು ಕಂಡೆನೆಂದು 1787ರಲ್ಲಿ ರಾಯಲ್ ಸೊಸೈಟಿಗೆ ವಿಲಿಯಂ ಹರ್ಷೆಲ್ ಸಲ್ಲಿಸಿದ್ದ ವರದಿ ಆ ಕಾಲದ ಚರ್ಚೆಗಳ ಹಿನ್ನೆಲೆಯಲ್ಲಿತ್ತು. ಅಲ್ಲಿ ಉರಿಯುವ ಜ್ವಾಲಾಮುಖಿಗಳಿಲ್ಲವೆಂದು ಮುಂದೆ ತಿಳಿದುಬಂತು.

ಕಲ್ಲಾಗಿ ನೆಲಕ್ಕೆ ಬೀಳುವ ಉಲ್ಕೆಗಳಿಗಿಂತ, ಒಂದು ಗೆರೆ ಎಳೆದು ಮಾಯವಾಗುವ ಸಣ್ಣ ಉಲ್ಕೆಗಳ ಸ್ವರೂಪವನ್ನು ತಿಳಿಯುವುದು ಇನ್ನೂ ಕಷ್ಟವಾಗಿತ್ತು. 1798ರಲ್ಲಿ ಗ್ಯಾಟಿಂಗೆನ್ ವಿಶ್ವವಿದ್ಯಾಲಯದ ಇಬ್ಬರು ತರುಣರು, ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್, ಕೆಲವು ಮೈಲಿಗಳ ಅಂತರದಲ್ಲಿ ಕುಳಿತು ಒಂದೇ ಸಮಯದಲ್ಲಿ ಆಕಾಶವನ್ನು ನೋಡಿ, ಪ್ರತಿ ಉಲ್ಕೆಯೂ ನಕ್ಷತ್ರಗಳ ನಡುವೆ ಎಲ್ಲಿ ಮೂಡಿ ಎಲ್ಲಿ ಮರೆಯಾಯಿತೆಂದು ಬರೆದಿಟ್ಟರು. ಎರಡು ಸ್ಥಳಗಳಿಂದ ನೋಡಿದಾಗ ಒಂದೇ ಉಲ್ಕೆಯ ಸ್ಥಾನ ನಕ್ಷತ್ರಗಳ ಹಿನ್ನೆಲೆಯಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸವನ್ನೂ ಸ್ಥಳಗಳ ನಡುವಿನ ದೂರವನ್ನೂ ಬಳಸಿ, ಭೂಮಾಪನದಲ್ಲಿ ದೂರದ ಬೆಟ್ಟದ ಎತ್ತರವನ್ನು ಲೆಕ್ಕಹಾಕುವ ತ್ರಿಕೋನ ಗಣಿತದಿಂದಲೇ ಉಲ್ಕೆಯ ಎತ್ತರವನ್ನೂ ಲೆಕ್ಕಹಾಕಬಹುದು. ಅವರು ದಾಖಲಿಸಿದ 402 ಉಲ್ಕೆಗಳಲ್ಲಿ ಇಬ್ಬರೂ ಕಂಡವೆಂದು ಖಚಿತವಾದವು 22 ಮಾತ್ರ. ಆದರೆ ಅಷ್ಟರಿಂದಲೇ ಉಲ್ಕೆಗಳು ಮೋಡಗಳಿಗಿಂತ ಬಹಳ ಮೇಲೆ, ಹತ್ತಾರು ಮೈಲಿ ಎತ್ತರದಲ್ಲಿ, ಗ್ರಹಗಳ ವೇಗವನ್ನು ಹೋಲುವ ವೇಗದಲ್ಲಿ ಚಲಿಸುತ್ತವೆಂದು ತಿಳಿಯಿತು. ಈ ಪ್ರಯೋಗ ಇನ್ನೊಂದು ಸಂಗತಿಯನ್ನೂ ಮನವರಿಕೆ ಮಾಡಿಕೊಟ್ಟಿತು: ಉಲ್ಕೆಯ ವಿಷಯದಲ್ಲಿ ಒಬ್ಬನೇ ವೀಕ್ಷಕ, ಅವನೆಷ್ಟೇ ಪ್ರತಿಭಾವಂತನಾದರೂ, ಅರ್ಧ ಮಾಹಿತಿಯನ್ನಷ್ಟೇ ಪಡೆಯಬಲ್ಲ.

1833ರ ನವೆಂಬರ್ 12–13ರ ರಾತ್ರಿ ಉತ್ತರ ಅಮೆರಿಕದ ಆಕಾಶದಲ್ಲಿ ಲೆಕ್ಕಕ್ಕೆ ಸಿಗದಷ್ಟು ಉಲ್ಕೆಗಳು ಉದುರಿದವು. ಯೇಲ್ ಕಾಲೇಜಿನ ಡೆನಿಸನ್ ಓಮ್‌ಸ್ಟೆಡ್ ಬೇರೆಬೇರೆ ಊರುಗಳಿಂದ ವರದಿಗಳನ್ನು ತರಿಸಿಕೊಂಡು, ಉಲ್ಕೆಗಳ ಪಥಗಳನ್ನು ಹಿಂದಕ್ಕೆ ಎಳೆದರೆ ಅವೆಲ್ಲ ಸಿಂಹ ರಾಶಿಯ ಒಂದು ಬಿಂದುವಿನಲ್ಲಿ ಕೂಡುತ್ತವೆಂದು ತೋರಿಸಿದ. ಉದ್ದಕ್ಕೆ ಸಾಗಿದ ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆಯೇ, ಸಮಾನಾಂತರವಾಗಿ ಬರುವ ಉಲ್ಕೆಗಳು ಒಂದು ಬಿಂದುವಿನಿಂದ ಹೊರಟಂತೆ ತೋರುತ್ತವೆ. ಈ ಬಿಂದುವನ್ನು ಉಗಮ ಬಿಂದುವೆನ್ನಬಹುದು. ಆ ಬಿಂದು ರಾತ್ರಿ ಕಳೆದಂತೆ ನಕ್ಷತ್ರಗಳ ಜೊತೆಗೇ ಸರಿಯಿತು. ಅಂದರೆ ಉಲ್ಕೆಗಳ ಮೂಲ ಭೂಮಿಯೊಡನೆ ಸುತ್ತುವ ವಾಯುಮಂಡಲದಲ್ಲಿಲ್ಲ, ಅದರಾಚೆಯ ಅವಕಾಶದಲ್ಲಿದೆ. ಉಲ್ಕಾಧ್ಯಯನ ಖಗೋಳ ವಿಜ್ಞಾನದ ಅಂಗವಾದದ್ದು ಈ ಒಂದು ತೀರ್ಮಾನದಿಂದ. ಅದೇ ನವೆಂಬರ್ 13ರಂದು ಜಾನ್ ಹರ್ಷೆಲ್ ತನ್ನ ಕುಟುಂಬದೊಡನೆ ಪೋರ್ಟ್ಸ್‌ಮತ್ ಬಂದರಿನಿಂದ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯಕ್ಕೆ ಹಡಗು ಹತ್ತಿದ್ದ.

ಕೇಪ್‌ನಲ್ಲಿ ಕಳೆದ ನಾಲ್ಕು ವರ್ಷಗಳಲ್ಲಿ ಜಾನ್ ಹರ್ಷೆಲ್ ದಕ್ಷಿಣದ ನೀಹಾರಿಕೆಗಳನ್ನೂ ಜೋಡಿ ನಕ್ಷತ್ರಗಳನ್ನೂ ಪಟ್ಟಿ ಮಾಡಿದ್ದಲ್ಲದೆ, ಆ ಸಲ ಮರಳಿ ಬಂದಿದ್ದ ಹ್ಯಾಲಿ ಧೂಮಕೇತುವನ್ನು ದೀರ್ಘಕಾಲ ಅವಲೋಕಿಸಿದ. ಸೂರ್ಯನ ಹಿಂದೆ ಮರೆಯಾಗಿದ್ದ ಆ ಧೂಮಕೇತುವನ್ನು 1836ರ ಜನವರಿಯ ಕೊನೆಯಲ್ಲಿ ಮತ್ತೆ ಕಂಡು, ಅಲ್ಲಿಂದ ಮೇ ತಿಂಗಳವರೆಗೆ ಅದರ ಆಕಾರದ ಬದಲಾವಣೆಗಳನ್ನು ರಾತ್ರಿಗಟ್ಟಲೆ ಚಿತ್ರಿಸಿದ. ಈ ಅವಧಿಯಲ್ಲಿಯೇ, ಫೆಬ್ರುವರಿ 5ರಂದು, ಕೇಪ್‌ನ ಫೆಲ್ಡ್‌ಹೌಸನ್ ಮನೆಯಲ್ಲಿ ಅಲೆಕ್ಸಾಂಡರ್ ಜನಿಸಿದ. ಮರುವರ್ಷ ಅಲ್ಲಿಯೇ ಹುಟ್ಟಿದ ತಮ್ಮನಿಗೆ ತಂದೆಯ ಹೆಸರನ್ನೇ ಇಟ್ಟರು. 1838ರಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿತು.

ಅಲೆಕ್ಸಾಂಡರ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಕಲಿತು 1859ರಲ್ಲಿ ಪದವಿ ಪಡೆದು, ಬಳಿಕ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್ ಸೇರಿದ. 1866ರಿಂದ 1871ರವರೆಗೆ ಗ್ಲಾಸ್ಗೋ ನಗರದಲ್ಲಿ, ಆಮೇಲೆ 1886ರವರೆಗೆ ನ್ಯೂಕ್ಯಾಸಲ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ಹಗಲಿನ ಉದ್ಯೋಗ ಅಧ್ಯಾಪನವಾದರೂ ಆತನ ಜೀವಮಾನದ ಕೆಲಸ ನಡೆದದ್ದು ಬ್ರಿಟಿಷ್ ಅಸೋಸಿಯೇಷನ್ ನೇಮಿಸಿದ ಉಲ್ಕಾ ಸಮಿತಿಯಲ್ಲಿ. ವಿಜ್ಞಾನದ ಪ್ರಗತಿಗಾಗಿ 1831ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗಾಗಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಬೇಡನ್ ಪೊವೆಲ್ 1848ರಿಂದ 1860ರಲ್ಲಿ ತೀರಿಕೊಳ್ಳುವವರೆಗೂ ವರ್ಷವರ್ಷವೂ ಉಲ್ಕೆಗಳ ಪಟ್ಟಿ ಸಿದ್ಧಪಡಿಸುತ್ತಿದ್ದ. ಅವನ ತರುವಾಯ ಗ್ರೀನಿಚ್‌ನ ಹವಾಮಾನ ತಜ್ಞ ಜೇಮ್ಸ್ ಗ್ಲೇಷರ್, ಖನಿಜ ಸಂಗ್ರಾಹಕ ರಾಬರ್ಟ್ ಗ್ರೆಗ್ ಮೊದಲಾದವರಿದ್ದ ಸಮಿತಿಗೆ ಅಲೆಕ್ಸಾಂಡರ್ ಸೇರಿದ. 1862ರಿಂದ 1881ರವರೆಗಿನ ಅದರ ವಾರ್ಷಿಕ ವರದಿಗಳಲ್ಲಿ ಆತನ ಶ್ರಮ ದೊಡ್ಡದು.

ಆ ಶ್ರಮದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಉಲ್ಕೆಯೊಂದು ಕಾಣುವುದು ಒಂದೆರಡು ಸೆಕೆಂಡು ಮಾತ್ರ. ಅಷ್ಟರಲ್ಲಿ ವೀಕ್ಷಕನು ಅದು ಮೂಡಿದ ಮತ್ತು ಅಳಿದ ಸ್ಥಾನಗಳನ್ನು ಹತ್ತಿರದ ನಕ್ಷತ್ರಗಳ ಆಧಾರದಿಂದ ಗುರುತಿಟ್ಟುಕೊಳ್ಳಬೇಕು, ಕಾಲವನ್ನು ಗಡಿಯಾರದಲ್ಲಿ ನೋಡಬೇಕು, ಪ್ರಕಾಶವನ್ನು ಪರಿಚಿತ ನಕ್ಷತ್ರದೊಡನೆ ಹೋಲಿಸಬೇಕು, ಬಣ್ಣವನ್ನೂ ಹಿಂದೆ ಉಳಿದ ಹೊಗೆಯಂಥ ಜಾಡನ್ನೂ ಬರೆಯಬೇಕು. ಅಭ್ಯಾಸವಿಲ್ಲದವರ ಕಣ್ಣು ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ನೂರು ಮೈಲಿ ಆಚೆ ಉರಿದುಹೋದ ದೊಡ್ಡ ಉಲ್ಕೆ ಪಕ್ಕದ ಹೊಲದಲ್ಲಿಯೇ ಬಿತ್ತೆಂದು ಪ್ರಾಮಾಣಿಕವಾಗಿಯೇ ಹೇಳುವವರಿರುತ್ತಾರೆ. ಇಂಥ ಹೇಳಿಕೆಗಳನ್ನು ಒಂದರೊಡನೊಂದು ತಾಳೆ ನೋಡಿ, ಅಸಂಗತವಾದುದನ್ನು ಬಿಟ್ಟು, ಒಂದೇ ಉಲ್ಕೆಯನ್ನು ಕುರಿತ ಎರಡು ಮೂರು ವರದಿಗಳಿಂದ ಅದರ ಎತ್ತರ, ದಿಕ್ಕು ಮತ್ತು ವೇಗಗಳನ್ನು ಲೆಕ್ಕಹಾಕುವುದು ಅಲೆಕ್ಸಾಂಡರ್‌ನ ನಿತ್ಯದ ಕಾಯಕವಾಯಿತು. ಗ್ರೆಗ್‌ನೊಡನೆ ಸೇರಿ ಆತ ಉಲ್ಕೆಗಳ ಪಥಗಳನ್ನು ನಕ್ಷತ್ರಪಟಗಳ ಮೇಲೆ ಗುರುತಿಸಿ, ವರ್ಷದ ಬೇರೆಬೇರೆ ದಿನಗಳಿಗೆ ಸಂಬಂಧಿಸಿದ ಉಗಮ ಬಿಂದುಗಳನ್ನು ಬಿಡಿಸಿ ತೆಗೆದ. 1864ರ ಅಕ್ಟೋಬರ್ 18ರಂದು ಕಂಡ 14 ಉಲ್ಕೆಗಳು ಓರಿಯನ್ ನಕ್ಷತ್ರಪುಂಜದ ಬಳಿಯಿಂದ ಹೊರಟಿವೆಯೆಂದು ಗುರುತಿಸಿ, ಮರುವರ್ಷ ಅದೇ ದಿನಗಳಲ್ಲಿ ಮತ್ತೆ ಖಚಿತಪಡಿಸಿಕೊಂಡ; ಇಂದು ಓರಿಯನಿಡ್ ಎಂದು ಪ್ರಸಿದ್ಧವಾಗಿರುವ ಉಲ್ಕಾವೃಷ್ಟಿಯ ಮೊದಲ ನಿಖರ ದಾಖಲೆ ಇದೇ.

ಇದೇ ವರ್ಷಗಳಲ್ಲಿ ಆತ ಕೈಹಾಕಿದ ಇನ್ನೊಂದು ಕೆಲಸ ಉಲ್ಕೆಗಳ ರೋಹಿತದ ಅಧ್ಯಯನ. ಬೆಳಕನ್ನು ಪಟ್ಟಕದ, ಅಂದರೆ ಮೂರು ಮೂಲೆಯ ಗಾಜಿನ, ಮೂಲಕ ಹಾಯಿಸಿದಾಗ ಹರಡಿಕೊಳ್ಳುವ ಬಣ್ಣಗಳ ಪಟ್ಟಿಯೇ ರೋಹಿತ. ಉರಿಯುವ ಪ್ರತಿಯೊಂದು ಅನಿಲವೂ ಅದರಲ್ಲಿ ತನ್ನದೇ ಆದ ಉಜ್ವಲ ಗೆರೆಗಳನ್ನು ಮೂಡಿಸುತ್ತದೆಂದು ಹೈಡೆಲ್‌ಬರ್ಗ್‌ನಲ್ಲಿ ಬುನ್ಸನ್ ಮತ್ತು ಕಿರ್ಖಾಫ್ ಆಗಷ್ಟೇ ತೋರಿಸಿಕೊಟ್ಟಿದ್ದರು. ನಕ್ಷತ್ರದ ರೋಹಿತ ಪಡೆಯಲು ಉಪಕರಣವನ್ನು ಅದರತ್ತ ಗಂಟೆಗಟ್ಟಲೆ ತಿರುಗಿಸಿ ನಿಲ್ಲಿಸಬಹುದು. ಉಲ್ಕೆ ಯಾವಾಗ ಎಲ್ಲಿ ಬರುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು. ಆದ್ದರಿಂದ ಅಲೆಕ್ಸಾಂಡರ್, ಲಂಡನ್ನಿನ ಉಪಕರಣ ತಯಾರಕ ಜಾನ್ ಬ್ರೌನಿಂಗ್‌ನ ನೆರವಿನಿಂದ, ಎರಡು ಕಣ್ಣಿಗೂ ಹಿಡಿದು ಆಕಾಶದ ವಿಶಾಲ ಭಾಗವನ್ನು ಒಮ್ಮೆಗೇ ನೋಡಬಲ್ಲ ಪಟ್ಟಕಗಳ ಉಪಕರಣವನ್ನು ರೂಪಿಸಿದ. ಸಾಮಾನ್ಯ ರೋಹಿತದರ್ಶಕದಲ್ಲಿ ಬೆಳಕನ್ನು ಒಂದು ಕಿರಿದಾದ ಸೀಳಿನ ಮೂಲಕ ಒಳಬಿಡಬೇಕಾಗುತ್ತದೆ. ಉಲ್ಕೆಯಾದರೋ ತಾನೇ ಒಂದು ಸಣ್ಣ ಬಿಂದುವಾಗಿರುವುದರಿಂದ ಸೀಳಿನ ಅಗತ್ಯವಿಲ್ಲದೆ ನೇರವಾಗಿಯೇ ರೋಹಿತವನ್ನು ಕೊಡುತ್ತದೆ. 1864ರಲ್ಲಿ ಆರಂಭವಾದ ಈ ಪ್ರಯತ್ನಕ್ಕೆ 1866ರ ಆಗಸ್ಟ್ ತಿಂಗಳ ಪರ್ಸಿಯಿಡ್ ಉಲ್ಕಾವೃಷ್ಟಿಯಲ್ಲಿ ಒಳ್ಳೆಯ ಫಲ ಸಿಕ್ಕಿತು: ಹಲವು ಉಲ್ಕೆಗಳ ರೋಹಿತದಲ್ಲಿ, ಅವು ಬಿಟ್ಟುಹೋದ ಜಾಡಿನ ಬೆಳಕಿನಲ್ಲಿ ವಿಶೇಷವಾಗಿ, ಸೋಡಿಯಂ ಧಾತುವಿನ ಹಳದಿ ಗೆರೆ ಎದ್ದು ಕಾಣುತ್ತಿತ್ತು. ಕೈಗೆ ಎಂದೂ ಸಿಗದೆ ಗಾಳಿಯಲ್ಲಿ ಕರಗಿಹೋಗುವ ಕಣಗಳಲ್ಲಿಯೂ ಭೂಮಿಯಲ್ಲಿ ಪರಿಚಿತವಾದ ಧಾತುಗಳೇ ಇವೆಯೆಂಬುದಕ್ಕೆ ಇದು ಮೊದಲ ನೇರ ಸಾಕ್ಷ್ಯ. ಉಲ್ಕೆಯ ರೋಹಿತ ಛಾಯಾಚಿತ್ರದಲ್ಲಿ ಸಿಕ್ಕಿದ್ದು 1897ರಲ್ಲಿ, ಪೆರು ದೇಶದ ಅರೆಕ್ವಿಪದಲ್ಲಿದ್ದ ಹಾರ್ವರ್ಡ್ ವೀಕ್ಷಣಾಲಯದ ಕೇಂದ್ರದಲ್ಲಿ. ಅಂದರೆ ಅಲೆಕ್ಸಾಂಡರ್ ಕಣ್ಣಿನಿಂದ ಕಂಡದ್ದನ್ನು ಯಂತ್ರ ಹಿಡಿಯಲು ಮೂರು ದಶಕಗಳು ಬೇಕಾದವು.

ಇದೇ ಉಪಕರಣವಿದ್ಯೆ ಈ ಮನೆತನವನ್ನು ಕನ್ನಡ ನಾಡಿಗೂ ಕರೆತಂದಿತು. ಅಲೆಕ್ಸಾಂಡರ್‌ನ ತಮ್ಮ ಜಾನ್ ರಾಯಲ್ ಎಂಜಿನಿಯರ್ಸ್ ಸೇನಾದಳದ ಅಧಿಕಾರಿಯಾಗಿ ಭಾರತದ ಮಹಾ ತ್ರಿಕೋನಮಿತೀಯ ಸಮೀಕ್ಷೆಯಲ್ಲಿ ಕೆಲಸ ಮಾಡುತ್ತಿದ್ದ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಪಥ ದಕ್ಷಿಣ ಭಾರತದ ಮೇಲೆ ಹಾದುಹೋಗುವುದಿದ್ದುದರಿಂದ ರಾಯಲ್ ಸೊಸೈಟಿ ಅವನಿಗೆ ಉಪಕರಣಗಳನ್ನು ಒದಗಿಸಿತು. ಗ್ರಹಣ ವೀಕ್ಷಣೆಗೆ ಹೊರಟ ಟೆನೆಂಟ್ ಮತ್ತು ಫ್ರಾನ್ಸಿನ ಜ್ಯಾನ್ಸನ್ ಗುಂಟೂರಿನಲ್ಲಿ ಬೀಡುಬಿಟ್ಟಾಗ, ಜಾನ್ ಆಗ ಪಟವರ್ಧನರ ಸಂಸ್ಥಾನವಾಗಿದ್ದ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯನ್ನು ಆರಿಸಿಕೊಂಡ. ಆಗಸ್ಟ್ ತಿಂಗಳ ಮೋಡಗಳು ಅಡ್ಡಬರುತ್ತಿದ್ದರೂ, ಅವು ಸರಿದ ಸ್ವಲ್ಪ ಹೊತ್ತಿನಲ್ಲಿಯೇ ಆತ ಸೂರ್ಯನ ಅಂಚಿನಿಂದ ಹೊರಚಾಚುವ ಸೌರಜ್ವಾಲೆಯ ರೋಹಿತದಲ್ಲಿ ಕೆಂಪು, ಕಿತ್ತಳೆ ಮತ್ತು ನೀಲಿ ಬಣ್ಣದ ಮೂರು ಉಜ್ವಲ ಗೆರೆಗಳನ್ನು ಕಂಡ. ಸೌರಜ್ವಾಲೆಗಳು ಕಾದ ಅನಿಲದಿಂದಾದವುಗಳೆಂದು ಆ ದಿನ ಹಲವು ಕಡೆಗಳಲ್ಲಿ ನಡೆದ ವೀಕ್ಷಣೆಗಳು ಒಟ್ಟಾಗಿ ಸ್ಥಾಪಿಸಿದವು. ಕಿತ್ತಳೆ ಗೆರೆ ಸೋಡಿಯಂ ಗೆರೆಗೆ ತೀರ ಹತ್ತಿರದಲ್ಲಿದ್ದುದರಿಂದ ಮೊದಲು ಸೋಡಿಯಂನದೇ ಇರಬಹುದೆಂಬ ಎಣಿಕೆಗೆ ಎಡೆಯಿತ್ತು. ಅದು ಹೀಲಿಯಂ ಎಂಬ ಹೊಸ ಧಾತುವಿನದೆಂಬ ವಿಚಾರ ಬೆಳೆದು, 1895ರಲ್ಲಿ ರ್‍ಯಾಮ್ಸೆ ಆ ಅನಿಲವನ್ನು ಭೂಮಿಯ ಮೇಲೆಯೇ ಪಡೆದಾಗ ದೃಢಪಟ್ಟಿತು. ಹೀಗೆ ಎರಡು ವರ್ಷಗಳ ಅಂತರದಲ್ಲಿ ಅಣ್ಣ ಉಲ್ಕೆಗಳಲ್ಲಿ, ತಮ್ಮ ಸೂರ್ಯನಲ್ಲಿ, ದ್ರವ್ಯದ ಗುರುತುಗಳನ್ನು ಒಂದೇ ವಿಧಾನದಿಂದ ಹುಡುಕಿದ್ದರು.

ಉಲ್ಕಾಧ್ಯಯನದ ಅತಿ ಮುಖ್ಯ ತಿರುವು ಬಂದದ್ದು 1866–67ರಲ್ಲಿ. ಸಿಂಹ ರಾಶಿಯ ಉಲ್ಕಾವೃಷ್ಟಿ ಸುಮಾರು 33 ವರ್ಷಗಳಿಗೊಮ್ಮೆ ಜೋರಾಗಿ ಮರಳುತ್ತದೆಂದು ಯೇಲ್‌ನ ಹ್ಯೂಬರ್ಟ್ ನ್ಯೂಟನ್ ಹಳೆಯ ದಾಖಲೆಗಳಿಂದ ತೋರಿಸಿದ್ದಂತೆಯೇ 1866ರ ನವೆಂಬರ್‌ನಲ್ಲಿ ಯುರೋಪಿನ ಆಕಾಶ ಉಲ್ಕೆಗಳಿಂದ ತುಂಬಿತು. ಇಟಲಿಯ ಸ್ಕ್ಯಾಪರೆಲ್ಲಿ ಆಗಸ್ಟ್ ತಿಂಗಳ ಪರ್ಸಿಯಿಡ್ ಉಲ್ಕೆಗಳ ಕಕ್ಷೆಯೂ 1862ರಲ್ಲಿ ಕಂಡ ಧೂಮಕೇತುವೊಂದರ ಕಕ್ಷೆಯೂ ಒಂದೇ ಎಂದು ತೋರಿಸಿದ. ನವೆಂಬರ್ ಉಲ್ಕೆಗಳಿಗೆ ಟೆಂಪೆಲ್ ಧೂಮಕೇತುವಿನೊಡನೆ ಇಂಥದೇ ಸಂಬಂಧವಿರುವುದು ಬೇಗನೆ ಬೆಳಕಿಗೆ ಬಂತು. ಧೂಮಕೇತು ಸೂರ್ಯನನ್ನು ಸುತ್ತುವಾಗ ಉದುರಿಸುವ ಕಣಗಳು ಅದರ ದಾರಿಯುದ್ದಕ್ಕೂ ಹರಡಿಕೊಳ್ಳುತ್ತವೆ. ಭೂಮಿ ಆ ದಾರಿಯನ್ನು ದಾಟುವ ದಿನಗಳಲ್ಲಿ ಕಣಗಳು ವಾಯುಮಂಡಲಕ್ಕೆ ನುಗ್ಗಿ ಉರಿಯುತ್ತವೆ. ಈ ಅರಿವಿನಿಂದ, ಉಗಮ ಬಿಂದುಗಳ ಪಟ್ಟಿಯು ಧೂಮಕೇತುಗಳ ಕಕ್ಷೆಗಳೊಡನೆ ಹೋಲಿಸಬಹುದಾದ ಅಮೂಲ್ಯ ಸಾಮಗ್ರಿಯಾಯಿತು.

ಆ ಹೋಲಿಕೆಯನ್ನು ಅಲೆಕ್ಸಾಂಡರ್ ಶ್ರದ್ಧೆಯಿಂದ ಕೈಗೊಂಡ. ಇಲ್ಲಿಯೇ ಮನೆತನದ ಹಿಂದಿನ ದುಡಿಮೆ ಅವನ ದುಡಿಮೆಯೊಡನೆ ಕೂಡಿಕೊಂಡಿತು. ಸುಮಾರು ಆರೂವರೆ ವರ್ಷಗಳಿಗೊಮ್ಮೆ ಬರುತ್ತಿದ್ದ ಬಿಯೇಲಾ ಧೂಮಕೇತುವನ್ನು 1832ರಲ್ಲಿ ಅವನ ತಂದೆ ಸ್ಲೌ ಊರಿನ ಮನೆಯಿಂದ ದೂರದರ್ಶಕದಲ್ಲಿ ಕಂಡಿದ್ದ. 1846ರಲ್ಲಿ ಅದು ಎರಡಾಗಿ ಒಡೆದುದನ್ನು ಖಗೋಳಜ್ಞರು ನೋಡಿದರು. 1852ರ ನಂತರ ಅದು ಮತ್ತೆ ಕಾಣಲಿಲ್ಲ. ಆ ಕಕ್ಷೆಯಲ್ಲಿ ಉಳಿದ ಚೂರುಗಳು ಉಲ್ಕೆಗಳಾಗಿ ಕಾಣಬಹುದೆಂದು ಮಧ್ಯಯುರೋಪಿನ ಖಗೋಳಜ್ಞರು ಸೂಚಿಸಿದ್ದರು. 1872ರಲ್ಲಿ ಅಲೆಕ್ಸಾಂಡರ್ ಕೂಡ ಆ ವರ್ಷದ ಕೊನೆಗೆ ಆ ಉಲ್ಕೆಗಳನ್ನು ನಿರೀಕ್ಷಿಸಬೇಕೆಂದು ಬರೆದ. ಆ ನವೆಂಬರ್ 27ರಂದು ಆಂಡ್ರೊಮಿಡಾ ನಕ್ಷತ್ರಪುಂಜದ ದಿಕ್ಕಿನಿಂದ ಸಾವಿರಾರು ಉಲ್ಕೆಗಳು ಸುರಿದವು. ಧೂಮಕೇತುವೇ ಭೂಮಿಯ ಬಳಿ ಹಾದುಹೋಗಿರಬೇಕೆಂದು ಭಾವಿಸಿದ ಜರ್ಮನಿಯ ಕ್ಲಿಂಕರ್‌ಫ್ಯೂಸ್, ದಕ್ಷಿಣ ಆಕಾಶದಲ್ಲಿ ಹುಡುಕುವಂತೆ ಮದರಾಸು ವೀಕ್ಷಣಾಲಯದ ಪಾಗ್ಸನ್‌ಗೆ ತಂತಿ ಕಳುಹಿಸಿದ್ದು, ಈ ಹೊಸ ವಿಜ್ಞಾನ ಖಂಡಗಳನ್ನು ದಾಟಿ ಜನರನ್ನು ಒಂದುಗೂಡಿಸುತ್ತಿತ್ತೆಂಬುದಕ್ಕೆ ನಿದರ್ಶನ.

1876ರಲ್ಲಿ ಅಲೆಕ್ಸಾಂಡರ್ ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು ಕೈಗೆತ್ತಿಕೊಂಡು, ಅದರ ಕಣಗಳು ಭೂಮಿಯನ್ನು ತಲುಪುವುದಾದರೆ ಮೇ ತಿಂಗಳ ಮೊದಲ ವಾರದಲ್ಲಿ ಕುಂಭ ರಾಶಿಯಿಂದ ಹೊರಟಂತೆ ಕಾಣಬೇಕೆಂದು ಲೆಕ್ಕಹಾಕಿದ. 1870ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಟಪ್ಮನ್ ಎಂಬ ಅಧಿಕಾರಿ ದಾಖಲಿಸಿದ್ದ ಉಲ್ಕೆಗಳು ಆ ಲೆಕ್ಕಕ್ಕೆ ಹೊಂದಿಕೊಂಡವು. ತಾನು ಹುಟ್ಟಿದ ತಿಂಗಳುಗಳಲ್ಲಿ ತಂದೆ ಚಿತ್ರಿಸುತ್ತಿದ್ದ ಧೂಮಕೇತುವಿನ ಅವಶೇಷವನ್ನು ಮಗ ನಲವತ್ತು ವರ್ಷಗಳ ಬಳಿಕ ಗುರುತಿಸಿದ್ದ. ಆತ 1864ರಲ್ಲಿ ದಾಖಲಿಸಿದ ಓರಿಯನಿಡ್ ಉಲ್ಕೆಗಳೂ ಅದೇ ಧೂಮಕೇತುವಿನವೆಂದು ಮುಂದೆ ಸಿದ್ಧವಾಯಿತು. ಮನೆತನದವರು ಕಂಡ ಇನ್ನೊಂದು ಧೂಮಕೇತುವಿಗೂ ಉಲ್ಕೆಗಳ ನಂಟು ಸಿಕ್ಕಿತು: ಕ್ಯಾರೊಲಿನ್ 1795ರಲ್ಲಿ ಕಂಡಿದ್ದ ಧೂಮಕೇತು 3.3 ವರ್ಷಗಳಿಗೊಮ್ಮೆ ಬರುವ ಎಂಕೆ ಧೂಮಕೇತುವೆಂದು 1819ರಲ್ಲಿ ತಿಳಿಯಿತು. 1940ರಲ್ಲಿ ಫ್ರೆಡ್ ವಿಪಲ್ ಅದನ್ನು ವೃಷಭ ರಾಶಿಯ ಉಲ್ಕೆಗಳೊಡನೆ ಜೋಡಿಸಿದ.

ಅಲೆಕ್ಸಾಂಡರ್‌ನ ಕಾರ್ಯವಿಧಾನವನ್ನು ಹತ್ತಿರದಿಂದ ತೋರಿಸುವ ಒಂದು ಪ್ರಸಂಗ 1881ರ ಮಾರ್ಚ್ 14ರದು. ಆ ಮಧ್ಯಾಹ್ನ ಮಿಡಲ್ಸ್‌ಬರೊ ಪಟ್ಟಣದ ಬಳಿ ರೈಲುಹಳಿಯ ಮೇಲೆ ದುಡಿಯುತ್ತಿದ್ದ ಕೂಲಿಗಾರರಿಗೆ ಆಕಾಶದಲ್ಲಿ ಮೊರೆತ ಕೇಳಿಸಿತು. ಬೆನ್ನಲ್ಲೇ ಸ್ವಲ್ಪ ದೂರದ ಏರಿಯ ಮೇಲೆ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಸುಮಾರು 11 ಅಂಗುಲ ಆಳದ ಕುಳಿಯಲ್ಲಿ, ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ತೂಕದ, ಒಂದು ಬದಿ ಗುಮ್ಮಟದಂತೆ ಉಬ್ಬಿದ, ಕಪ್ಪು ಹೊರಪದರದ ಕಲ್ಲು ಇನ್ನೂ ಬೆಚ್ಚಗೆ ಬಿದ್ದಿತ್ತು. ನ್ಯೂಕ್ಯಾಸಲ್‌ನಿಂದ ಬಂದ ಅಲೆಕ್ಸಾಂಡರ್ ಕುಳಿಯ ಆಳವನ್ನೂ ನೆಲದ ಗುಣವನ್ನೂ ಪರೀಕ್ಷಿಸಿ, ಕಲ್ಲು ನೆಲಕ್ಕೆ ಬಡಿದಾಗ ಅದರ ವೇಗ ಸೆಕೆಂಡಿಗೆ 412 ಅಡಿ ಇದ್ದಿರಬೇಕೆಂದು ನಿರ್ಣಯಿಸಿದ. ಸೆಕೆಂಡಿಗೆ ಹಲವು ಮೈಲಿ ವೇಗದಿಂದ ವಾಯುಮಂಡಲ ಪ್ರವೇಶಿಸುವ ಉಲ್ಕೆ ಗಾಳಿಯ ಅಡೆತಡೆಯಿಂದ ತನ್ನ ಆಕಾಶವೇಗವನ್ನೆಲ್ಲ ಕಳೆದುಕೊಂಡು, ಕೊನೆಗೆ ಎತ್ತರದಿಂದ ಕೈಬಿಟ್ಟ ಕಲ್ಲಿನಂತೆಯೇ ಕೆಳಗಿಳಿಯುತ್ತದೆಂಬುದಕ್ಕೆ ಈ ಅಳತೆ ಗಟ್ಟಿ ಆಧಾರವಾಯಿತು. ಆ ಕಲ್ಲು ಇಂದೂ ಯಾರ್ಕ್‌ಷೈರ್ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಾಧ್ಯಾಪಕ ವೃತ್ತಿಯನ್ನು ಬಿಟ್ಟ ಮೇಲೆ ಅಲೆಕ್ಸಾಂಡರ್ 1888ರಲ್ಲಿ ಸ್ಲೌನಲ್ಲಿದ್ದ ಅಜ್ಜನ ಮನೆಗೆ ಮರಳಿ, 1907ರ ಜೂನ್ 18ರಂದು ತೀರಿಕೊಳ್ಳುವವರೆಗೂ ಅಲ್ಲಿಯೇ ವೀಕ್ಷಣೆ ಮುಂದುವರಿಸಿದ. ಬ್ರಿಸ್ಟಲ್‌ನ ಹವ್ಯಾಸಿ ಖಗೋಳಜ್ಞ ವಿಲಿಯಂ ಡೆನಿಂಗ್ ಅವನ ನಿಕಟ ಸಹೋದ್ಯೋಗಿಯಾಗಿದ್ದ. 1899ರಲ್ಲಿ ಡೆನಿಂಗ್ ಪ್ರಕಟಿಸಿದ 4,367 ಉಗಮ ಬಿಂದುಗಳ ಮಹಾಪಟ್ಟಿ, ಗ್ರೆಗ್ ಮತ್ತು ಹರ್ಷೆಲ್ ಆರಂಭಿಸಿದ ಕೆಲಸದ ಮುಂದುವರಿಕೆಯೇ ಆಗಿತ್ತು. ಅದೇ ವರ್ಷ ಎಲ್ಲರೂ ಕಾದಿದ್ದ ಸಿಂಹ ರಾಶಿಯ ಉಲ್ಕಾವೃಷ್ಟಿ ನಿರೀಕ್ಷೆಯಂತೆ ಬರಲಿಲ್ಲ. ಗುರು ಮತ್ತು ಶನಿ ಗ್ರಹಗಳ ಸೆಳೆತ ಕಣಗಳ ಪ್ರವಾಹವನ್ನು ಬದಿಗೆ ಸರಿಸಿತ್ತು. 1966ರಲ್ಲಿ ಅದು ಮತ್ತೆ ಅಬ್ಬರದಿಂದ ಮರಳಿದಾಗ ಆ ಪ್ರವಾಹದ ನಡೆಯನ್ನು ಅರ್ಥಮಾಡಿಕೊಳ್ಳಲು ನೆರವಾದದ್ದು ಶತಮಾನಗಳಿಂದ ಕೂಡಿಬಂದ ದಾಖಲೆಗಳೇ.

ಅಲೆಕ್ಸಾಂಡರ್ ಹರ್ಷೆಲ್ ಹೊಸ ಗ್ರಹವನ್ನು ಕಾಣಲಿಲ್ಲ, ದೊಡ್ಡ ದೂರದರ್ಶಕವನ್ನು ಕಟ್ಟಲಿಲ್ಲ. ಮನೆತನದ ಕೀರ್ತಿಯಲ್ಲಿ ಅವನ ಪಾಲು ಕಿರಿದಾಗಿ ಕಾಣುವುದಕ್ಕೆ ಇದು ಕಾರಣವಿರಬಹುದು. ಆದರೆ ಎರಡು ಸ್ಥಳಗಳಿಂದ ಒಂದೇ ಉಲ್ಕೆಯನ್ನು ನೋಡುವುದು, ಪಥವನ್ನು ನಕ್ಷೆಯಲ್ಲಿ ಗುರುತಿಸಿ ಉಗಮ ಬಿಂದುವನ್ನು ಹುಡುಕುವುದು, ಅದನ್ನು ಧೂಮಕೇತುವಿನ ಕಕ್ಷೆಯೊಡನೆ ಹೋಲಿಸುವುದು, ರೋಹಿತದಿಂದ ದ್ರವ್ಯವನ್ನು ತಿಳಿಯುವುದು, ಇವು ನಾಲ್ಕೂ ಕ್ಯಾಮೆರಾ ಮತ್ತು ರೇಡಾರ್‌ಗಳ ಈ ಕಾಲದಲ್ಲಿಯೂ ಉಲ್ಕಾಧ್ಯಯನದ ಆಧಾರಕ್ರಮಗಳಾಗಿಯೇ ಉಳಿದಿವೆ. ತಾನು ಬಾಳಿರುವಷ್ಟು ಕಾಲದಲ್ಲಿ ಫಲ ಕಾಣದ ಸಂಗತಿಗಳನ್ನೂ ನಿಷ್ಠೆಯಿಂದ ಬರೆದಿಡಬೇಕೆಂಬ ಹರ್ಷೆಲ್ ಮನೆತನದ ಶಿಸ್ತಿಗೆ, ದಶಕಗಳನ್ನೂ ಶತಮಾನಗಳನ್ನೂ ಬೇಡುವ ಈ ವಿಜ್ಞಾನದಲ್ಲಿ ತಕ್ಕ ನೆಲೆ ದೊರೆಯಿತು. ವಿಲಿಯಂ ಮತ್ತು ಜಾನ್‌ರ ಹೆಸರಿನ ಸಾಲಿನಲ್ಲಿ ಅಲೆಕ್ಸಾಂಡರ್‌ನ ಹೆಸರನ್ನೂ ಸಮಾನ ಗೌರವದಿಂದ ಬರೆಯುವುದು ಚರಿತ್ರೆಯ ದೃಷ್ಟಿಯಿಂದ ನ್ಯಾಯವಾದುದು.